ಟೋಕಿಯೋದಲ್ಲಿ ಉಂಡ ಎಲೆ

ಜಪಾನಿನ ಸಮಕಾಲೀನ ಕಲೆ ಅಂದ್ರೆ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಗೊತ್ತಿರೋದು ಎರಡೇ: ಯಾಯೋಯಿ ಕುಸಾಮಾರ ಚುಕ್ಕೆ ಚುಕ್ಕೆ ಕುಂಬಳಕಾಯಿ, ತಕಾಶಿ ಮುರಕಾಮಿಯ ನಗುವ ಹೂವು. ಎರಡೂ ಇನ್‌ಸ್ಟಾಗ್ರಾಮಿನ ಕೃಪೆ. ಕುಸಾಮಾ 1993ರಲ್ಲಿ ವೆನಿಸ್ ಬಿಯೆನಾಲೆಯ ಜಪಾನ್ ಪೆವಿಲಿಯನ್ನಿಗೆ ಕುಂಬಳಕಾಯಿ ಹೊತ್ತು ಹೋದದ್ದು, ಆಮೇಲೆ ಅದು ಲೋಕ ಸುತ್ತಿದ್ದು ಎಲ್ಲ ಬೇಕಾದಷ್ಟು ಬರೆದಾಗಿದೆ. ನನಗೆ ಹೇಳಬೇಕಿರೋದು ನಮ್ಮ ಕಡೆಯಿಂದ ಟೋಕಿಯೋಕ್ಕೆ ಹೋದದ್ದೊಂದರ ಬಗ್ಗೆ: ಬಾಳೆ ಎಲೆ. ಅದೂ ಉಂಡು ಬಿಟ್ಟ ಎಲೆ.

2017ರಲ್ಲಿ ಪ್ರಾಜೆಕ್ಟ್ ಮೇಲೆ ಟೋಕಿಯೋದಲ್ಲಿದ್ದೆ. ಆ ವರ್ಷ ಫೆಬ್ರವರಿಯಿಂದ ಜೂನ್‌ವರೆಗೆ ರೊಪ್ಪೊಂಗಿಯ ಮೋರಿ ಆರ್ಟ್ ಮ್ಯೂಸಿಯಂನಲ್ಲಿ ಎನ್.ಎಸ್. ಹರ್ಷ ಅವರ ದೊಡ್ಡ ಪ್ರದರ್ಶನ. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಆಮೇಲೆ ಬರೋಡಾದಲ್ಲಿ ಓದಿ, ಮತ್ತೆ ಮೈಸೂರಲ್ಲೇ ಉಳಿದವರು. ಉಮ್ಮತ್ತೂರಿನವನಾದ ನನಗೆ ಮೈಸೂರು ಅಂದ್ರೆ ಬಸ್ ಹತ್ತಿ ಹೋಗಿ ಸಂಜೆಗೆ ವಾಪಸ್ ಬರೋ ಊರು. ಅಲ್ಲಿಯವರೊಬ್ಬರ ಹೆಸರನ್ನ ಮೊದಲು ಓದಿದ್ದು ಟೋಕಿಯೋದ ಪೋಸ್ಟರಿನಲ್ಲಿ!

ಮ್ಯೂಸಿಯಂ ಇರೋದು 53ನೇ ಮಹಡಿಯಲ್ಲಿ. ಹರ್ಷ ಅವರ ಚಿತ್ರಗಳಲ್ಲಿ ಜನ ಸಾಲು ಸಾಲು. ಬರ್ತಾರೆ, ಉಣ್ತಾರೆ, ಮಲಗ್ತಾರೆ. ಹತ್ತಿರ ಹೋದ್ರೆ ಒಬ್ಬೊಬ್ಬರದೂ ಬೇರೆ ಮುಖ. ಆದರೆ ನನ್ನ ನಿಲ್ಲಿಸಿದ್ದು 'ಲೆಫ್ಟ್‌ಓವರ್ಸ್'. ಅದರಲ್ಲಿ ಮನುಷ್ಯರೇ ಇಲ್ಲ. ಪಂಕ್ತಿ ಎದ್ದು ಹೋಗಿದೆ, ಎಲೆಗಳಷ್ಟೇ ಉಳಿದಿವೆ. ಎಲ್ಲವೂ ಪ್ಲಾಸ್ಟಿಕ್ಕಿನವು.

ಜಪಾನಿನ ಹೋಟೆಲುಗಳ ಮುಂದೆ ಗಾಜಿನ ಕಪಾಟಿನಲ್ಲಿ ನಕಲಿ ಊಟ ಇಟ್ಟಿರ್ತಾರೆ. ಮೊದಲು ಮೇಣದಲ್ಲಿ ಮಾಡ್ತಿದ್ದರು, ಈಗ ಪ್ಲಾಸ್ಟಿಕ್ಕು. ಭಾಷೆ ಬಾರದ ನಾನು ಬೆರಳು ತೋರಿಸಿ ಹೊಟ್ಟೆ ತುಂಬಿಸಿಕೊಂಡದ್ದು ಅದರಿಂದಲೇ. ಆ ಕಸುಬು ಇರೋದೇ ಹಸಿವು ಕೆರಳಿಸೋದಕ್ಕೆ. 2008ರಲ್ಲಿ ಗಿಂಜಾದ ಮೇಜಾನ್ ಎರ್ಮೆಸ್‌ನಲ್ಲಿ, ಅಂದ್ರೆ ನಮ್ಮ ತಿಂಗಳ ಸಂಬಳಕ್ಕೆ ಒಂದು ಬ್ಯಾಗೂ ಬಾರದ ಅಂಗಡಿಯ ಕಟ್ಟಡದಲ್ಲಿ, ಹರ್ಷ ಅದೇ ಕಸುಬನ್ನ ಹಸಿವು ತೀರಿದ ಮೇಲಿನದಕ್ಕೆ ಹಚ್ಚಿದರು. ಬಿಟ್ಟ ಅನ್ನ, ಅಂಚಿಗೆ ತಳ್ಳಿದ ಪಲ್ಯ. ನನ್ನ ಪಕ್ಕದಲ್ಲಿದ್ದ ಹೆಂಗಸೊಬ್ಬರು ಬಗ್ಗಿ ಅದನ್ನ ಒಡವೆ ನೋಡಿದ ಹಾಗೆ ನೋಡ್ತಿದ್ದರು.

ನನಗೆ ಹಾಗೆ ನೋಡೋಕಾಗಲಿಲ್ಲ. ನಮ್ಮವ್ವ ಮದುವೆ ಮನೆಗಳಲ್ಲಿ ಕೂಲಿಗೆ ಎಲೆ ಎತ್ತುತ್ತಿದ್ದಳು. ಒಂದು ಪಂಕ್ತಿ ಏಳೋದಕ್ಕೂ ಇನ್ನೊಂದು ಕೂರೋದಕ್ಕೂ ನಡುವೆ ಹತ್ತು ನಿಮಿಷ ಇದ್ದರೆ ಹೆಚ್ಚು. ಅಷ್ಟರಲ್ಲಿ ಎತ್ತಬೇಕು, ಗುಡಿಸಬೇಕು, ಒರೆಸಬೇಕು. ಯಾರು ಮೊದಲ ಪಂಕ್ತಿ, ಯಾರು ಎರಡನೇದು ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳ್ತಿರಲಿಲ್ಲ. ಅವ್ವನ ಪಂಕ್ತಿ ಕೊನೇದು. ಆ ಹೊತ್ತಿಗೆ ಪಾಯಸದ ಪಾತ್ರೆಯ ತಳದಲ್ಲಿ ಶ್ಯಾವಿಗೆ ಮಾತ್ರ ಇರ್ತಿತ್ತು.

ಹರ್ಷ ಅವರ ಕೃತಿ ಸರಿಯಾಗಿ ಅವ್ವ ಒಳಗೆ ಬರೋ ನಿಮಿಷಕ್ಕೆ ನಿಂತುಬಿಟ್ಟಿದೆ. ಅದು ಅದರ ಕೊರತೆ ಅಂತ ಮೊದಲು ಅನ್ನಿಸಿತು. ಈಗ ಹಾಗನ್ನಿಸೋದಿಲ್ಲ. ಎತ್ತುವವರು ಬರದೇ ಹೋದ್ರೆ ಹೇಗಿರುತ್ತೆ ಅಂತ ಯಾವ ಮದುವೆ ಮನೆಯೂ ತೋರಿಸಿಲ್ಲ.

ರಜಕ್ಕೆ ಊರಿಗೆ ಬಂದಾಗ ಫೋನಿನಲ್ಲಿ ಫೋಟೋ ತೋರಿಸಿದೆ. ಅವ್ವ ಕನ್ನಡಕ ಏರಿಸಿಕೊಂಡು ಒಂದೊಂದೇ ಎಲೆ ನೋಡಿದಳು.

"ಇವ್ನು ಆತ್ರಗಾರ. ಇದು ಮಗು ಉಂಡಿರೋ ಎಲ. ಇದ್ಯಾಕ್ ಮಗ, ಎತ್ತಕೆ ಯಾರೂ ಬರ್ನಿಲ್ವ?"

"ಪ್ಲಾಸ್ಟಿಕ್ಕು ಕನವ್ವ. ನೋಡಕೆ ಮಡಗಿರದು."

"ಹಂಗಾದ್ರ ದೂಳು ಕೂರ್ತದಲ್ಲ, ಯಾರು ಒರ್ಸರು?"

"ಅಲ್ಲಿಯವರೇ ಒರೆಸ್ತಾರೆ."

"ಹೆಂಗಸ್ರಾ? ಕೂಲಿ ವಸಿ ಚೆನ್ನಾಗ್ ಕೊಟ್ಟರಾ?"

ಆ ಎಲೆ ಒರೆಸೋರನ್ನ ನಾನು ನೋಡಿರಲಿಲ್ಲ. ನಮ್ಮ ಆಫೀಸಿನ ಮಹಡಿ ಒರೆಸೋಕೆ ಬೆಳಿಗ್ಗೆ ಏಳಕ್ಕೇ ಬರ್ತಿದ್ದ, ಅವ್ವನಿಗಿಂತ ದೊಡ್ಡ ವಯಸ್ಸಿನ ಅಜ್ಜಿಯೊಬ್ಬರ ವಿಷಯ ಹೇಳಿದೆ. ಫೋಟೋ ಬದಿಗಿಟ್ಟು ಅವ್ವ ಅವರ ಬಗ್ಗೆಯೇ ಬಹಳ ಹೊತ್ತು ಕೇಳಿದಳು.