ಬಚ್ಚಿಟ್ಟ ನಡೆ

ಗೆದ್ದವನ ಹೆಸರಿನಲ್ಲಲ್ಲ, ಸೋತವನ ಹೆಸರಿನಲ್ಲಿ ಉಳಿದ ಚದುರಂಗದಾಟವೊಂದಿದೆ. 1918ರ ಅಕ್ಟೋಬರ್ 23ರಂದು ನ್ಯೂಯಾರ್ಕಿನ ಪಂದ್ಯಾವಳಿಯಲ್ಲಿ ಕ್ಯೂಬಾದ ಕಾಪಾಬ್ಲಾಂಕಾ ಬಿಳಿಯ ಕಾಯಿಗಳಿಂದ ರೂಯ್ ಲೋಪೆಜ್ ಆರಂಭವನ್ನು ಆಡಿದರು. ಎದುರಿಗಿದ್ದವರು ಅಮೆರಿಕದ ಫ್ರಾಂಕ್ ಮಾರ್ಷಲ್. 1909ರ ಪಂದ್ಯಸರಣಿಯಲ್ಲಿ ಇದೇ ಕಾಪಾಬ್ಲಾಂಕಾ ಎಂಟು ಆಟ ಗೆದ್ದು ಮಾರ್ಷಲ್‌ಗೆ ಒಂದನ್ನಷ್ಟೇ ಬಿಟ್ಟಿದ್ದರು.

ಎಂಟನೆಯ ನಡೆಯಲ್ಲಿ ಮಾರ್ಷಲ್ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದರು. ನಡುವಣ ಕಾಲಾಳೊಂದನ್ನು ಬಲಿಗೊಟ್ಟು ಬಿಳಿಯ ರಾಜನ ಮೇಲೆ ಏರಿಹೋಗುವ ಉಪಾಯ ಅದು. ಇದನ್ನವರು ಒಂಬತ್ತು ವರ್ಷ ಗುಟ್ಟಾಗಿ ಇಟ್ಟುಕೊಂಡಿದ್ದರೆಂಬ ಕಥೆ ಪ್ರಸಿದ್ಧ. ಪೂರ್ತಿ ನಂಬುವಂಥದ್ದಲ್ಲ, 1917ರಲ್ಲೇ ಬೇರೊಬ್ಬರೆದುರು ಇಂಥದೇ ಆಟ ಆಡಿದ್ದರು. ಆದರೂ ನನಗೆ ಆ ಕಥೆಯೇ ಪ್ರಿಯ.

"ಇಂಗ್ಲಿಷ್ ಎಂ.ಎ. ಮಾಡಿ ಏನು ಕಡಿದು ಕಟ್ಟೆ ಹಾಕುತ್ತೀಯೋ?" ಎಂದು ಅಪ್ಪ ನೆಂಟರ ಮುಂದೆ ಕೇಳಿದ್ದರು. ಅದಕ್ಕೊಂದು ಉತ್ತರವನ್ನು ಹಾಸ್ಟೆಲಿನಲ್ಲಿ, ಆಮೇಲೆ ಪುಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಹನ್ನೊಂದು ವರ್ಷ ಮಸೆದೆ.

ಕಾಪಾಬ್ಲಾಂಕಾ ತುಸು ಯೋಚಿಸಿ ಆ ಕಾಲಾಳನ್ನು ತೆಗೆದುಕೊಂಡರು. ದಾಳಿಯ ದಾರಿಗಳೆಲ್ಲ ಎದುರಾಳಿಗೆ ಗೊತ್ತೆಂದು ತಿಳಿದೂ, ತನ್ನ ವಿವೇಚನೆಗೇ ಸವಾಲು ಬಂದಿದೆಯೆನ್ನಿಸಿ ಹಾಗೆ ಮಾಡಿದೆನೆಂದು 'ಚೆಸ್ ಫಂಡಮೆಂಟಲ್ಸ್' ಪುಸ್ತಕದಲ್ಲಿ ಬರೆದಿದ್ದಾರೆ. ಹದಿಮೂರನೆಯ ನಡೆಯಲ್ಲಿ ಮಾರ್ಷಲ್ ಕುದುರೆಯನ್ನು ಕಾಲಾಳಿನ ಬಾಯಿಗೇ ಒಡ್ಡಿದರು. ಬಿಳಿ ಮುಟ್ಟಲಿಲ್ಲ, ರಾಣಿಯನ್ನು ರಕ್ಷಣೆಗೆ ತಂದಿತು. ಬಿಳಿಯ ರಾಜ ಶಹಗಳ ನಡುವೆ ಒಂದೊಂದೇ ಹೆಜ್ಜೆಯಿಟ್ಟು ಹಲಗೆಯ ಇನ್ನೊಂದು ಬದಿಗೆ ದಾಟಿದ. ಅವನು ತೆರವು ಮಾಡಿದ ಮೂಲೆಯಲ್ಲಿ ಕಪ್ಪು ರಾಣಿಯೂ ಒಂಟೆಯೂ ಸಿಕ್ಕಿಕೊಂಡವು. ಮೂವತ್ತಾರು ನಡೆಗಳಲ್ಲಿ ಆಟ ಮುಗಿಯಿತು.

ದೀಪಾವಳಿಯ ರಜೆಯಲ್ಲಿ ಊರಿನ ಜಗಲಿಯ ಮೇಲೆ ನಾನು ನನ್ನ ಉತ್ತರವನ್ನು ಅಪ್ಪನಿಗೆ ಒಪ್ಪಿಸಿದೆ. ಪೂರ್ತಿ ಕೇಳಿದರು. "ನೀನು ಹೇಳುವುದು ಸರಿ. ಇಷ್ಟು ವರ್ಷ ಯಾಕೋ ಒಳಗೇ ಇಟ್ಟುಕೊಂಡೆ?" ಎಂದರು. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ.

ಮಾರ್ಷಲ್ ಸುಮ್ಮನಾಗಲಿಲ್ಲ. ಅಂದು ಹನ್ನೊಂದನೆಯ ನಡೆಯಲ್ಲಿ ಕುದುರೆಯನ್ನು ಹಿಂದಕ್ಕೆ ಸರಿಸಿದ್ದ ಅವರು, ಮುಂದೆ ಅದನ್ನು ಅಲ್ಲೇ ನಿಲ್ಲಿಸಿ ಕಾಲಾಳೊಂದರ ಆಸರೆ ಕೊಡುವ ನಡೆ ಕಂಡುಕೊಂಡರು. 1965ರಲ್ಲಿ ತಾಲ್ ಎದುರು ಸ್ಪಾಸ್ಕಿ ನೆಚ್ಚಿದ್ದು ಈ 'ಮಾರ್ಷಲ್ ದಾಳಿ'ಯನ್ನೇ. ಇಂದು ಗ್ರ್ಯಾಂಡ್‌ಮಾಸ್ಟರುಗಳೂ ಇದಕ್ಕೆ ಅಂಜಿ ಎಂಟನೆಯ ನಡೆಯಲ್ಲೇ ಪಕ್ಕದ ದಾರಿ ಹಿಡಿಯುವುದುಂಟು.

ಅಪ್ಪ ಹೋಗಿ ಆರು ವರ್ಷವಾಯಿತು. ಅವರ ಚದುರಂಗದ ಹಲಗೆ ಈಗ ನನ್ನಲ್ಲಿದೆ. ಕಪ್ಪು ಒಂಟೆಯೊಂದು ಕಳೆದುಹೋಗಿದೆ. ಅದರ ಜಾಗದಲ್ಲಿ ಅಂಗಿಯ ಗುಂಡಿಯೊಂದನ್ನಿಟ್ಟು ಭಾನುವಾರಗಳಲ್ಲಿ ಈ ಆಟ ಜೋಡಿಸುತ್ತೇನೆ. ಹನ್ನೊಂದನೆಯ ನಡೆಯಲ್ಲಿ ಬಹಳ ಹೊತ್ತು ಕೂರುತ್ತೇನೆ.