ನಾಲೆಯ ಮೇಲೊಂದು ಚಳಿಗಾಲದ ದಿನ

ಮಂಡ್ಯದ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ನಾಲೆಯೆಂದರೆ ಗದ್ದೆಗೆ ನೀರುಣಿಸುವ ತಾಯಿ. ಅದರ ಮೇಲೆ ಮನೆಮಾಡಿ ಬಾಳುವುದೂ ಉಂಟೆಂದು ನಾನು ಎಣಿಸಿರಲಿಲ್ಲ. ಆದುದರಿಂದ, ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು ಬಾಡಿಗೆಯ ಮನೆಯನ್ನು ಬಿಟ್ಟು, ದೋಣಿಯೊಂದನ್ನು ಕೊಂಡು ಅದರಲ್ಲೇ ವಾಸವಾಗಿರುವನೆಂದು ತಿಳಿದಾಗ ನನಗೆ ಸಂತೋಷವಾಗಲಿಲ್ಲ. ನೆರೆಹೊರೆಯವರು ಕೇಳಿದರೆ ‘ನೀರಿನ ಹತ್ತಿರ ಮನೆ ಮಾಡಿದ್ದಾನೆ’ ಎಂದು ಹೇಳಿ ಮಾತು ಮರೆಸುತ್ತಿದ್ದೆ. ‘ಹೋಗಿ ಬುದ್ಧಿ ಹೇಳಿ ಬನ್ನಿ’ ಎಂಬ ಮಡದಿಯ ಮಾತನ್ನು ಗಂಟುಕಟ್ಟಿಕೊಂಡು ಒಂದು ಜನವರಿಯಲ್ಲಿ ಅಲ್ಲಿಗೆ ಹೋದೆ.

ದೋಣಿಯನ್ನು ಆಕ್ಸ್‌ಫರ್ಡ್ ನಾಲೆಯಲ್ಲಿ ಕ್ರಾಪ್ರೆಡಿ ಎಂಬ ಹಳ್ಳಿಯ ಬಳಿ ಕಟ್ಟಿದ್ದನು. ಸ್ವಂತ ತಂಗುದಾಣವಿಲ್ಲದ ದೋಣಿಗಳು ಸಾಮಾನ್ಯವಾಗಿ ಒಂದೇ ಕಡೆ 14 ದಿನಗಳಿಗಿಂತ ಹೆಚ್ಚು ನಿಲ್ಲಕೂಡದೆಂದು 1995ರ ಕಾಯಿದೆ ವಿಧಿಸುತ್ತದೆ. ಅವನ ಗಡುವು ಅಂದಿಗೆ ಮುಗಿದಿತ್ತು. ಚಳಿಯಿರಲಿ, ಮಳೆಯಿರಲಿ, ಹೊರಡಲೇಬೇಕು.

ಬೆಳಕು ಹರಿಯುವ ಹೊತ್ತಿಗೆ ಎಂಟು ಗಂಟೆ. ನೀರಿನ ಮೇಲೆ ಗಾಜಿನಂತಹ ತೆಳುವಾದ ಮಂಜುಗಡ್ಡೆಯ ಪದರ ಹರಡಿತ್ತು. ಉಕ್ಕಿನ ದೋಣಿ ಮುಂದೆ ಸರಿದಂತೆ ಅದು ಹಪ್ಪಳದ ಹಾಗೆ ಸದ್ದುಮಾಡುತ್ತ ಮುರಿಯಿತು. ದೋಣಿಯ ಅಗಲ 7 ಅಡಿಗೂ ಕಡಿಮೆ. ಒಳಗೆ ಕಲ್ಲಿದ್ದಲಿನ ಒಲೆ ಉರಿಯುತ್ತಿತ್ತು. ಮಗನು ಮಾತ್ರ ಹಿಂಭಾಗದಲ್ಲಿ ಬಯಲಿನಲ್ಲೇ ನಿಂತು ಚುಕ್ಕಾಣಿ ಹಿಡಿದಿದ್ದನು. ವೇಗದ ಮಿತಿ ಗಂಟೆಗೆ 4 ಮೈಲಿ. ದಡದಲ್ಲಿ ನಾಯಿಯೊಡನೆ ನಡೆಯುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಹಿಂದೆ ಹಾಕಿ ಹೋದಳು!

ಈ ನಾಲೆಯ ಕೆಲಸವನ್ನು 1769ರಲ್ಲಿ ಆರಂಭಿಸಿದವನು ಜೇಮ್ಸ್ ಬ್ರಿಂಡ್ಲಿ ಎಂಬ ಇಂಜಿನಿಯರು. ಅವನು 1772ರಲ್ಲಿ ತೀರಿಕೊಂಡನು. ಕಲ್ಲಿದ್ದಲಿನ ದೋಣಿಗಳು ಆಕ್ಸ್‌ಫರ್ಡ್ ನಗರವನ್ನು ಮುಟ್ಟಿದುದು 1790ರಲ್ಲಿ. ಆಗ ದಡದ ಹಾದಿಯಲ್ಲಿ ಕುದುರೆಗಳು ಹಗ್ಗ ಕಟ್ಟಿ ದೋಣಿಯನ್ನೆಳೆಯುತ್ತಿದ್ದುವು. ಮುಂದೆ ರೈಲಿನ ಪೈಪೋಟಿಯಿಂದ ವರಮಾನ ಕುಗ್ಗಿದಾಗ ಎಷ್ಟೋ ದೋಣಿಕಾರರು ಹೆಂಡತಿ ಮಕ್ಕಳನ್ನೂ ದೋಣಿಗೇ ಕರೆತಂದರು. ಸರಕು ತುಂಬಿ ಉಳಿದ ಸುಮಾರು 10 ಅಡಿಯ ಕೋಣೆಯಲ್ಲಿ ಇಡೀ ಸಂಸಾರ ಬಾಳಬೇಕಿತ್ತು. ಇಂದು ಇಲ್ಲಿ, ನಾಳೆ ಅಲ್ಲಿ ಎಂದು ತಿರುಗುವ ಮಕ್ಕಳಿಗೆ ಶಾಲೆಯೆಲ್ಲಿ ಬರಬೇಕು? ಅವರ ಓದಿನ ಕಡೆಗೆ ಕಾನೂನು ಕಣ್ಣು ಹಾಯಿಸಿದುದು 1877ರಲ್ಲಿ. ಮೇಷ್ಟರಾಗಿದ್ದ ನನಗೆ, ದೋಣಿಯ ಬಾಗಿಲ ಮೇಲೆ ಮಗನು ಬರೆಸಿದ್ದ ಗುಲಾಬಿಯ ಚಿತ್ರಗಳಿಗಿಂತ ಆ ಮಕ್ಕಳೇ ಹೆಚ್ಚಾಗಿ ನೆನಪಾಗುತ್ತಿದ್ದರು. 1962–63ರ ಚಳಿಗಾಲದಲ್ಲಿ ನಾಲೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ದೋಣಿಗಳು ನಿಂತಲ್ಲೇ ನಿಂತುವು. ಮೊದಲೇ ಸೊರಗಿದ್ದ ಸರಕು ಸಾಗಣೆಗೆ ಅದು ದೊಡ್ಡ ಪೆಟ್ಟಾಯಿತು.

ಮಧ್ಯಾಹ್ನ ಕ್ಲೇಡನ್ ಸೇರಿದೆವು. ಅಲ್ಲಿ ಒಂದರ ಮೇಲೊಂದು ಐದು ಲಾಕ್‌ಗಳಿವೆ. ಲಾಕ್ ಎಂದರೆ ಎರಡು ಕಡೆಯೂ ಬಾಗಿಲುಳ್ಳ, ದೋಣಿಯಷ್ಟೇ ಅಗಲದ ಕಲ್ಲಿನ ತೊಟ್ಟಿ. ದೋಣಿ ಒಳಹೊಕ್ಕ ಮೇಲೆ ಕೆಳಗಿನ ಬಾಗಿಲನ್ನು ಮುಚ್ಚಿ ಮೇಲಿನ ತೂಬನ್ನೆತ್ತಿದರೆ ನೀರು ತುಂಬಿ ದೋಣಿ ತಾನಾಗಿ ಮೇಲೇರುತ್ತದೆ. ತೂಬೆತ್ತುವ ಕೆಲಸ ನನ್ನ ಪಾಲಿಗೆ ಬಂತು. “ಮೊದಲು ಅರ್ಧ ಮಾತ್ರ ಎತ್ತಿ ಅಪ್ಪ” ಎಂದು ಮಗನು ಹೇಳಿದ್ದನು. ಎರಡು ಲಾಕ್‌ಗಳಲ್ಲಿ ಹಾಗೆಯೇ ಮಾಡಿದೆ. ಮೂರನೆಯದರಲ್ಲಿ, ನಾಲೆಯ ನಾಡಿನವನಿಗೆ ತೂಬಿನ ಪಾಠವೇ ಎಂಬ ಜಂಬದಿಂದ ಪೂರ್ತಿ ಎತ್ತಿಬಿಟ್ಟೆ.

ನೀರು ಭೋರೆಂದು ನುಗ್ಗಿತು. ದೋಣಿ ಮುಂದಕ್ಕೆ ಜಗ್ಗಿ, ಅದರ ಮೂತಿ ಬಾಗಿಲಿನ ಅಡ್ಡಪಟ್ಟಿಯ ಕೆಳಗೆ ಸಿಕ್ಕಿಕೊಂಡಿತು. ಹಿಂಭಾಗ ಏರುತ್ತಿದೆ, ಮುಂಭಾಗ ಏರಲೊಲ್ಲದು! “ಅಪ್ಪಾ, ತೂಬು ಇಳಿಸಿ! ಹಿಡಿ ಕೈಬಿಡಬೇಡಿ!” ಎಂದು ಮಗನು ಕೂಗಿದನು. ಕೈಬಿಟ್ಟರೆ ಆ ಕಬ್ಬಿಣದ ಹಿಡಿ ಗಿರ್ರನೆ ತಿರುಗಿ ಮುಂಗೈಯನ್ನೇ ಮುರಿಯಬಲ್ಲದು. ಚಳಿಗೆ ಮರಗಟ್ಟಿದ ಬೆರಳುಗಳಿಂದ ಹೇಗೆ ಇಳಿಸಿದೆನೋ ಈಗಲೂ ತಿಳಿಯದು. ನೀರು ನಿಂತಿತು. ಅವನು ಕೆಳಗಿನ ತೂಬನ್ನು ತುಸು ತೆರೆದು ನೀರನ್ನು ತಗ್ಗಿಸಿದ ಮೇಲೆ ಮೂತಿ ಧಡ್ಡೆಂದು ಕಳಚಿಕೊಂಡಿತು.

ಹೇಳಿದ ಮಾತು ಕೇಳದ ಹುಡುಗರನ್ನು ನಾನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವನು, ಮಗನನ್ನೂ ಬಿಟ್ಟಿರಲಿಲ್ಲ. ಅವನು ಹತ್ತಿರ ಬಂದು “ಕೈಗೆ ಪೆಟ್ಟಾಯಿತೇ?” ಎಂದಷ್ಟೇ ಕೇಳಿದನು. ಒಳಗೆ ಹೋಗಿ ನೋಡಿದರೆ ಬೆಳಿಗ್ಗೆ ನಾನೇ ಕಾಯಿಸಿಟ್ಟಿದ್ದ ಸಾರು ನೆಲದ ಪಾಲಾಗಿತ್ತು. ಉಳಿದೆರಡು ಲಾಕ್‌ಗಳಲ್ಲಿ ಅವನು ಬೆರಳೆತ್ತಿದಷ್ಟೇ ತೂಬೆತ್ತಿದೆ.

ನಾಲ್ಕು ಗಂಟೆಗೆಲ್ಲ ಕತ್ತಲೆ ಕವಿಯತೊಡಗಿತು. ದಡದಲ್ಲಿ ಕಬ್ಬಿಣದ ಗೂಟ ಹೊಡೆದು ದೋಣಿಯನ್ನು ಕಟ್ಟಿದೆವು. ಮಂಡ್ಯದಲ್ಲಿ ಆಗ ರಾತ್ರಿ ಒಂಬತ್ತೂವರೆ. ಮಡದಿಯ ಫೋನು ಬಂತು. “ಮಾತನಾಡಿದಿರಾ?” ಎಂದಳು. ಮಗನು ಒಲೆಯ ಮುಂದೆ ಕುಳಿತು ಹಳೆಯ ಬಟ್ಟೆಯಿಂದ ಸಾರಿನ ಕಲೆಯನ್ನೊರಸುತ್ತಿದ್ದನು.

“ಇಲ್ಲಿಂದ ಮುಂದೆ 11 ಮೈಲಿ ಲಾಕ್‌ಗಳಿಲ್ಲವಂತೆ. ನಾಳೆ ನೋಡೋಣ” ಎಂದೆ.