ಒಂದು ನೂಲಿನ ಲೆಕ್ಕ

ಎಳನೀರು ಕುಡಿದು, ಫೋನ್ ತೋರಿಸಿ ದುಡ್ಡು ಕೊಟ್ಟು ಹೋಗುವ ಬೆಂಗಳೂರಿನವರಿಗೆ ನಾನೀಗ ಹೇಳೋದು ಅಜ್ಜನ ಕಾಲದ ಕತೆ ಅನ್ನಿಸಬಹುದು. ಅಮೆರಿಕದಲ್ಲಿ ಇನ್ನೂ ಚೆಕ್ ಬರೀತಾರೆ. ಕರೆಂಟ್ ಬಿಲ್ಲು, ಫೋನ್ ಬಿಲ್ಲು ಆನ್‌ಲೈನಿಗೆ ಹೋಗಿವೆ, ನಿಜ. ಆದರೆ ನಮ್ಮ ಮನೆ ಓನರ್ ಅಜ್ಜಿಗೆ ಬಾಡಿಗೆ ಚೆಕ್ಕಲ್ಲೇ ಬೇಕು. ಮಗಳಿಗೆ ಪಿಯಾನೋ ಕಲಿಸುವ ಮೇಡಂಗೂ ಅಷ್ಟೇ. ಬ್ಯಾಂಕಿನ ವೆಬ್‌ಸೈಟಿಗೆ ಹೋಗಿ ‘ಬಿಲ್ ಪೇ’ ಒತ್ತಿದರೂ, ಇಂಥವರ ಹೆಸರಿಗಾದರೆ ಬ್ಯಾಂಕೇ ಒಂದು ಕಾಗದದ ಚೆಕ್ ಪ್ರಿಂಟ್ ಮಾಡಿ ಅಂಚೆಗೆ ಹಾಕೋದುಂಟು!

ಹಾಗಾದ್ರೆ ನಾನೇ ಪ್ರಿಂಟ್ ಮಾಡ್ತೀನಿ ಬಿಡಿ ಅಂತ ಕ್ವಿಕನ್ ಹಿಡಿದೆ. ಮನೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಅದು. ಸ್ಕಾಟ್ ಕುಕ್ ಅನ್ನುವವರು 1983ರಲ್ಲಿ ಇಂಟ್ಯೂಟ್ ಕಂಪನಿ ಶುರು ಮಾಡಿದ್ದೇ ಇದನ್ನು ಮಾಡೋದಕ್ಕೆ. ತಿಂಗಳಾ ತಿಂಗಳಾ ಬಿಲ್ ಕಟ್ಟೋ ತಲೆನೋವಿನ ಬಗ್ಗೆ ಅವರ ಹೆಂಡತಿ ಗೊಣಗಿದ್ದರಿಂದಲೇ ಈ ಐಡಿಯಾ ಹೊಳೆಯಿತಂತೆ. ಇದಕ್ಕೆ ಹೊಂದುವ ಚೆಕ್ ಹಾಳೆ ತಂದು ಪ್ರಿಂಟರಿಗೆ ಹಾಕಿದರೆ ಹೆಸರು, ಮೊತ್ತ, ತಾರೀಖು, ವಿಳಾಸ ಎಲ್ಲ ತಾನೇ ಅಚ್ಚಾಗುತ್ತೆ. ಸಹಿ ಮಾತ್ರ ನಮ್ಮದು.

ಆದರೆ ವಿಳಾಸ ಚೆಕ್ಕಿನ ಮೇಲೇ ಇರುವಾಗ ಅದನ್ನೇ ಮತ್ತೆ ಕವರಿನ ಮೇಲೆ ಬರೆಯೋದ್ಯಾಕೆ? ಷಿಕಾಗೋದ ಅಮೆರಿಕಸ್ ಕ್ಯಾಲಹನ್ ಎಂಬಾತನಿಗೆ 1902ರಲ್ಲೇ ಕಿಟಕಿ ಇರುವ ಕವರಿಗೆ ಪೇಟೆಂಟ್ ಸಿಕ್ಕಿತ್ತು. ಎರಡು ಸಲ ಬರೆಯೋ ಕೆಲಸ ಇಲ್ಲ, ಒಬ್ಬರ ಕಾಗದ ಇನ್ನೊಬ್ಬರ ಕವರಿಗೆ ಹೋಗೋ ಭಯವೂ ಇಲ್ಲ. ಚೆಕ್ಕಿಗೆ ಎರಡು ಕಿಟಕಿಯ ಕವರು ಬೇಕು. ಮೇಲಿನದರಲ್ಲಿ ನಮ್ಮ ಹೆಸರು, ಕೆಳಗಿನದರಲ್ಲಿ ದುಡ್ಡು ತಲುಪಬೇಕಾದವರ ಹೆಸರು.

ಅಂಗಡಿಗೆ ಹೋದರೆ ಎಲ್ಲೆಲ್ಲೂ ಸಿಗೋದು ‘ನಂಬರ್ 10’ ಕವರು. 9.5 ಇಂಚು ಅಗಲ, 4.125 ಇಂಚು ಎತ್ತರ. ಕ್ವಿಕನ್ನಿನ ಸ್ಟ್ಯಾಂಡರ್ಡ್ ಚೆಕ್ಕು ಒಂದು ಹಾಳೆಗೆ ಮೂರು ಬರುತ್ತೆ, ಒಂದೊಂದೂ 8.5ಕ್ಕೆ 3.5 ಇಂಚು. ಅಂದ್ರೆ ಒಳಗೆ ಅಗಲದಲ್ಲಿ ಪೂರಾ ಒಂದು ಇಂಚು, ಎತ್ತರದಲ್ಲಿ ಅರ್ಧ ಇಂಚಿಗೂ ಜಾಸ್ತಿ ಜಾಗ ಖಾಲಿ. ದಾವಣಗೆರೆಯ ನನ್ನ ಗೆಳೆಯನೊಬ್ಬ ಇಂಥದೇ ಕವರಲ್ಲಿ ಬಾಡಿಗೆ ಕಳಿಸಿದ್ದ. ದಾರಿಯಲ್ಲಿ ಚೆಕ್ಕು ಜಾರಿ, ಓನರ್ ವಿಳಾಸ ಕಿಟಕಿಯ ಹಿಂದೆ ಅಡಗಿತು. ಇವನ ಹೆಸರು ಮಾತ್ರ ಮೇಲಿನ ಕಿಟಕಿಯಲ್ಲಿ ನೆಟ್ಟಗೆ ಕಾಣ್ತಿತ್ತು. ಕವರು ವಾಪಸ್ ಇವನ ಮನೆಗೇ ಬಂತು! ಅಷ್ಟರಲ್ಲಿ ಬಾಡಿಗೆ ಗಡುವು ದಾಟಿ ದಂಡ ಬಿದ್ದಿತ್ತು. ದಂಡ ಹೋಗಲಿ. ಹೊಸದಾಗಿ ಬಂದ ನಮ್ಮಂಥವರಿಗೆ ಮುಂದಿನ ಮನೆ ಸಿಗಬೇಕಾದರೆ ‘ಇವನು ಬಾಡಿಗೆ ಸರಿಯಾಗಿ ಕೊಡ್ತಿದ್ದ’ ಅಂತ ಹಳೇ ಓನರ್ ಹೇಳಬೇಕು. ಆ ಮಾತಿಗೇ ಸಂಚಕಾರ ಬಂದಿತ್ತು.

ಇದಕ್ಕೆ ಸರಿಹೊಂದುವ ಕವರಿನ ಹೆಸರೇ ‘8 5/8’. ಅಳತೆ 8 5/8ಕ್ಕೆ 3 5/8 ಇಂಚು. ಕಳೆದು ನೋಡಿ: ಚೆಕ್ಕಿಗಿಂತ ಅಗಲದಲ್ಲೂ ಎತ್ತರದಲ್ಲೂ ಜಾಸ್ತಿ ಇರೋದು ಇಂಚಿನ ಎಂಟನೇ ಒಂದು ಭಾಗ ಮಾತ್ರ. ಕಿಟಕಿಯ ಅಂಚಿಗೂ ವಿಳಾಸಕ್ಕೂ ನಡುವೆ ಇರಬೇಕು ಅಂತ ಅಲ್ಲಿನ ಅಂಚೆ ಇಲಾಖೆ ಹೇಳೋದೂ ಅದೇ 1/8 ಇಂಚು. ನಮ್ಮೂರ ಬಡಗಿ ಇದನ್ನೇ ‘ಒಂದು ನೂಲು’ ಅಂತಿದ್ದ. ಬಾಗಿಲು ಕೂರಿಸುವಾಗ ‘ಒಂದು ನೂಲು ಬಿಡಿ, ಜಾಸ್ತಿ ಬಿಟ್ರೆ ಗಾಳಿಗೆ ಬಡ್ಕೊಳ್ಳುತ್ತೆ’ ಅನ್ನೋನು. ಕವರಿಗೂ ಅದೇ ಮಾತು.

ನಮ್ಮ ಮಲೆನಾಡಿನ ಮನೆಯಲ್ಲಿ ಕಿಟಕಿ ಕವರಿಗೆ ಒಳ್ಳೆ ಹೆಸರಿರಲಿಲ್ಲ. ನೆಂಟರ ಕಾಗದ ಬಂದರೆ ಒಡೆಯೋ ಮೊದಲೇ ಅಕ್ಷರ ನೋಡಿ ‘ಓ, ದೊಡ್ಡತ್ತೆದು’ ಅಂತ ಗೊತ್ತಾಗ್ತಿತ್ತು. ಕಿಟಕಿ ಕವರಲ್ಲಿ ಯಾರ ಕೈಬರಹವೂ ಇಲ್ಲ. ತೋಟದ ಮೇಲೆ ತೆಗೆದ ಸಾಲದ ನೋಟಿಸೇ ಅದು ಅಂತ ಅಪ್ಪನಿಗೆ ನೋಡಿದ ಕೂಡಲೇ ತಿಳೀತಿತ್ತು. ‘ಊಟ ಆಗ್ಲಿ, ಆಮೇಲೆ ನೋಡೋಣ’ ಅಂತ ಪಂಚಾಂಗದ ಹಿಂದೆ ಸಿಕ್ಕಿಸೋರು. ಅವತ್ತು ಊಟಕ್ಕೆ ಕೂತರೆ ಮಾತಿಲ್ಲ.

ಮೊನ್ನೆ ಫೋನಲ್ಲಿ, ನಾನೂ ಕಿಟಕಿ ಕವರು ಕಳಿಸ್ತೀನಪ್ಪ ಅಂದೆ.

“ನೋಟಿಸ್ ಕಳ್ಸೋನಾದ್ಯನೋ ನೀನು?”

“ಅಲ್ಲಪ್ಪ, ಇದ್ರೊಳಗೆ ದುಡ್ಡಿರುತ್ತೆ.”

“ದುಡ್ಡಿಟ್ಟು ಅದಕ್ಕೆ ಕಿಟಕಿ ಬೇರೆ ಇಡ್ತಾರಾ ಮಾರಾಯ?”

ಕೇಳಿದ್ದರಲ್ಲಿ ತಪ್ಪೇನಿಲ್ಲ. ಎರಡು ಕಿಟಕಿ ನೋಡಿದ ತಕ್ಷಣ ಒಳಗೆ ಚೆಕ್ ಇರಬಹುದು ಅಂತ ಕಳ್ಳನಿಗೂ ಗೊತ್ತಾಗುತ್ತೆ. ಅಮೆರಿಕದಲ್ಲಿ ಅಂಚೆ ಡಬ್ಬಿಯಿಂದ ಕವರು ಕದ್ದು, ಚೆಕ್ಕಿನ ಶಾಯಿಯನ್ನು ರಾಸಾಯನಿಕದಲ್ಲಿ ತೊಳೆದು, ಹೆಸರು ಮೊತ್ತ ಬದಲಿಸುವ ದಂಧೆಯೇ ಇದೆ. ಅದಕ್ಕೇ ಒಳಗಡೆ ನೀಲಿ ಗೀಟು ತುಂಬಿರುವ ಕವರನ್ನೇ ತಗೋಬೇಕು, ಬೆಳಕಿಗೆ ಹಿಡಿದರೆ ಮೊತ್ತ ಕಾಣಬಾರದು. ಕಿಟಕಿಯಲ್ಲಿ ಹೆಸರು, ವಿಳಾಸ ಬಿಟ್ಟು ಬೇರೇನೂ ಇಣುಕಬಾರದು, ಚೆಕ್ಕಿನ ಕೆಳತುದಿಯ ಖಾತೆ ನಂಬರಂತೂ ಬೇಡವೇ ಬೇಡ. ಬೀದಿ ಬದಿಯ ಡಬ್ಬಿಗೆ ಹಾಕುವ ಬದಲು ಪೋಸ್ಟಾಫೀಸಿನ ಒಳಗೇ ಕೊಟ್ಟು ಬರೋದು ಕ್ಷೇಮ.

ಕೊಳ್ಳುವ ಮೊದಲು ಇನ್ನೆರಡು ಮಾತು. ಚೆಕ್ ಹಾಳೆಯಲ್ಲಿ ಸ್ಟ್ಯಾಂಡರ್ಡ್, ವೋಚರ್, ವಾಲೆಟ್ ಅಂತ ಮೂರು ಬಗೆ ಇವೆ. ವಾಲೆಟ್ ಚಿಕ್ಕದು, ಅದಕ್ಕೆ ಈ ಕವರು ಆಗೋಲ್ಲ. ಐನೂರು ಕವರಿನ ಡಬ್ಬ ಅಗ್ಗ ಅಂತ ಆಸೆಪಡುವ ಮೊದಲು ಚಿಕ್ಕ ಪ್ಯಾಕ್ ತಂದು, ಒಂದು ಚೆಕ್ ಹಾಕಿ, ಕವರಿನ ನಾಲ್ಕೂ ಅಂಚನ್ನು ಮೇಜಿಗೆ ಕುಟ್ಟಿ ನೋಡಿ. ಪ್ರತಿ ಸಲವೂ ವಿಳಾಸ ಪೂರ್ತಿ ಕಂಡರೆ ಪಾಸು.

ಬಾಡಿಗೆಯ ಕವರು ಅಂಟಿಸಿದ ಮೇಲೆ ಹಿಂಬದಿಯಲ್ಲಿ ಪೆನ್ನಿನಿಂದ ನನ್ನ ಹೆಸರು ಬರೀತೀನಿ. ಅಂಚೆಯವರಿಗೆ ಅದರ ಅಗತ್ಯವಿಲ್ಲ. ಆದರೆ ಓನರ್ ಅಜ್ಜಿಗೆ ಇದು ಯಾವುದೋ ಬಿಲ್ಲಲ್ಲ ಅಂತ ಒಡೆಯೋ ಮೊದಲೇ ಗೊತ್ತಾಗಲಿ.